ವೇಗ ತಗ್ಗಿಸುವ ಗುಂಡಿ

ಒಣಹುಲ್ಲಿನಲ್ಲಿ ಮಾವು ಮಾಗುವ ವಾಸನೆ ಬಂದರೆ ನನಗೆ ಇಂದಿಗೂ ನೆನಪಾಗುವುದು ಕಂಪ್ಯೂಟರು. ಎಂಬತ್ತರ ದಶಕದ ಕೊನೆಯಲ್ಲಿ ಅದನ್ನು ಮಾರುತ್ತಾ ಊರೂರು ಸುತ್ತುತ್ತಿದ್ದೆ. ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟೆ: ಒಂದರಲ್ಲಿ ಹಳೆಯ ಪ್ರೊಸೆಸರ್, ಇನ್ನೊಂದರಲ್ಲಿ ಹೊಸ 286. ಎರಡಕ್ಕೂ ರಾಯಲ್ಪಾಡಿನ ರೈತ ವೆಂಕಟಪ್ಪನವರ ಹಣ್ಣಿನ ತೂಕದ ಲೆಕ್ಕವನ್ನೇ ಕೊಟ್ಟೆ. ಹಳೆಯದು ಗೊರಗೊರ ಎನ್ನುತ್ತಾ ಕೂತಿರುವಾಗಲೇ 286 ಮುಗಿಸಿಬಿಟ್ಟಿತು.

ನಾನು ಬೀಗಿದೆ. ವೆಂಕಟಪ್ಪ ಒಪ್ಪಲಿಲ್ಲ.

"ಏನಮ್ಮಾ, ಒಂದು ಲೋಡು ಹಣ್ಣಿನ ಲೆಕ್ಕ ಇಷ್ಟು ಬೇಗನಾ? ಇದು ಸರಿಯಾಗಿ ನೋಡೇ ಇಲ್ಲ. ಅದು ನೋಡು ಪಾಪ, ಯೋಚ್ನೆ ಮಾಡ್ತೈತೆ."

"ಎರಡರದ್ದೂ ಉತ್ತರ ಒಂದೇ ಬರುತ್ತಣ್ಣಾ."

"ಇವತ್ತು ಬರ್ತದೆ. ನಾಳೆ?"

ಮಂಡಿ ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದರು. "ಇವರು ನಂಬದಿದ್ರೆ ಹಣ್ಣು ಪಕ್ಕದ ಮಂಡಿಗೆ ಹೋಗ್ತದಮ್ಮಾ. ನಮಗೆ ಹಳೇದೇ ಸಾಕು."

ಹೊಸದರ ಮಾರಾಟ ಕೈತಪ್ಪುತ್ತಿತ್ತು. 286ರ ಮುಂಭಾಗದಲ್ಲಿ, ಅಷ್ಟು ವೇಗಕ್ಕೆ ಹೊಂದದ ಹಳೆಯ ಪ್ರೋಗ್ರಾಂಗಳಿಗೆಂದು, ವೇಗ ತಗ್ಗಿಸುವ ಗುಂಡಿಯೊಂದಿತ್ತು. ಅದನ್ನು ಒತ್ತಿ ಮತ್ತೆ ಲೆಕ್ಕ ಕೊಟ್ಟೆ. ಈ ಸಲ ಅದೂ ಚೆನ್ನಾಗಿ ತಿಣುಕಿತು.

"ಆಂ, ಇವಾಗ ಒಪ್ಪಬೌದು," ಎಂದು ವೆಂಕಟಪ್ಪ ಬೀಡಿ ಹಚ್ಚಿದರು. ಸಾಹುಕಾರರು 286 ಕೊಂಡರು.

ಆಮೇಲೆ ಎಷ್ಟೋ ದೇಶ ತಿರುಗಿದೆ. ಆ 286ಕ್ಕಿಂತ ಸಾವಿರ ಪಾಲು ವೇಗದ ಫೋನು ಈಗ ನನ್ನ ಕೈಚೀಲದಲ್ಲೇ ಬಿದ್ದಿರುತ್ತದೆ. ನಿಧಾನ ಮಾಡುವ ಗುಂಡಿಯನ್ನು ಮಾತ್ರ ಯಾರೂ ಇಟ್ಟಿಲ್ಲ.