ತಪ್ಪು ಹೇಳಿಕೊಂಡವನ ಕೆಲಸ

ಇವತ್ತು ಬೆಳಿಗ್ಗೆ ಕಾರ್ಕಳದ ಕಡೆಯ ನನ್ನ ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತುವಾಗ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಹಿತ್ತಲಿನ ಬಾವಿಗೆ ಹಾಕುತ್ತಿದ್ದರು. ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಬ್ಲೀಚಿಂಗ್ ಪೌಡರಿನಿಂದ. ಸರಕಾರಿ ನೌಕರನ ಹಣೆಬರಹ ಎನ್ನಿ. ಆ ವಾಸನೆ ಬಂದರೆ ಸಾಕು, ಕಾಪುವಿನಿಂದ ಸ್ವಲ್ಪ ಒಳಗೆ ನಾನು ಮೊದಲು ಗುಮಾಸ್ತನಾಗಿ ಸೇರಿದ ಕಚೇರಿ ಕಣ್ಣೆದುರು ಬರುತ್ತದೆ.

ಆ ಕಚೇರಿಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ವಾಕ್ಯ, "ನನಗೆ ಗೊತ್ತಿಲ್ಲ ಸರ್." ಆಗಿನ ಅಧಿಕಾರಿ ಕೆಟ್ಟವರಲ್ಲ. ಆದರೆ ಅವರ ಬೈಗುಳ ಹೊರಗಿನ ರಿಕ್ಷಾ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಕೆಟ್ಟ ಸುದ್ದಿಯನ್ನು ಯಾರು ತಂದರೋ ತಪ್ಪು ಅವರದೇ. ಹಾಗಾಗಿ ಯಾರೂ ಸುದ್ದಿಯನ್ನೇ ತರುತ್ತಿರಲಿಲ್ಲ. ಅವರ ಚಪ್ಪಲಿಯ ಸದ್ದು ಕೇಳಿದೊಡನೆ ನಾನು ಮೇಜಿನಡಿ ಬಿದ್ದ ಪೆನ್ನು ಹುಡುಕಲು ಬಗ್ಗುತ್ತಿದ್ದೆ. ಅಷ್ಟು ಪೆನ್ನು ಬೀಳುವ ಕಚೇರಿ ಇಡೀ ಜಿಲ್ಲೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಅವರಿಗೆ ವರ್ಗವಾಗಿ ವಾರಿಜಾ ಮೇಡಂ ಬಂದರು. ಹೂಡೆಯ ಮೀನುಗಾರರ ಮನೆಯವರು, ಮಾತು ಕಡಿಮೆ. ಮೊದಲ ಸೋಮವಾರವೇ ನಮ್ಮನ್ನೆಲ್ಲ ಕೂರಿಸಿಕೊಂಡು, "ಕಳೆದ ವಾರ ನಮ್ಮಿಂದ ಎಂತ ತಪ್ಪಾಯಿತು, ಹೇಳಿ ನೋಡುವ" ಎಂದರು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೇಡಂ ಕಾದರು. ಕೊನೆಗೆ, "ಅಪ್ಪನ ದೋಣಿಯಲ್ಲಿ ನೀರು ಬರ್ತಾ ಉಂಟು ಅಂತ ಹೇಳಿದವರಿಗೆ ಯಾರೂ ಬೈಯುತ್ತಿರಲಿಲ್ಲ ಮಾರಾಯ್ರೆ" ಎಂದು ಎದ್ದರು.

ಹೊರಗೆ ಬಂದ ಮೇಲೆ ಬಿಲ್ ಕಲೆಕ್ಟರ್ ವಸಂತಣ್ಣ ನನ್ನ ಕಿವಿಯಲ್ಲಿ, "ಇದು ಗಾಳ. ನೀನು ಬಾಯಿ ಹಾಕಬೇಡ" ಎಂದ. ನಾನು ಹಾಕಲಿಲ್ಲ. ನನ್ನ ಬಾಯಿ ಆಗ ಚಹಾಕ್ಕೆ ಮಾತ್ರ ತೆರೆಯುತ್ತಿತ್ತು. ಸೋಮವಾರಗಳು ಹಾಗೇ ಕಳೆದವು. ಮೇಡಂ ಕೇಳುವುದನ್ನು ನಿಲ್ಲಿಸಲಿಲ್ಲ, ನಾವು ಫ್ಯಾನಿನ ಸದ್ದು ಕೇಳುವುದನ್ನು ನಿಲ್ಲಿಸಲಿಲ್ಲ.

ಮೇ ತಿಂಗಳು. ಬಾವಿಗಳು ತಳ ಕಂಡಿದ್ದವು. ಊರಿಗೆ ನೀರು ಬಿಡುತ್ತಿದ್ದವರು ಹಮೀದ್, ನಮಗೆಲ್ಲ ಹಮೀದಾಕ. ಒಂದು ಬೆಳಿಗ್ಗೆ ಅವರು ಮೇಡಂ ಬಾಗಿಲಲ್ಲಿ ಬಂದು ನಿಂತರು. ಗಡ್ಡದ ಮೇಲೆ ಬೆವರು ಇಳಿಯುತ್ತಿತ್ತು.

"ಮೇಡಂ, ಒಂದು ತಪ್ಪಾಗಿದೆ. ಟ್ಯಾಂಕಿಗೆ ನೀರು ಸಾಲಲಿಲ್ಲ. ನೀರು ಸಿಗದ ಮನೆಯವರೆಲ್ಲ ಜೋರು ಮಾಡಿದರು. ನಿನ್ನೆ ನಾನು ನಾವು ಬಿಟ್ಟಿರುವ ಆ ಹಳೆಯ ಬಾವಿಯಿಂದ ಪಂಪು ಹಾಕಿದೆ. ಈಗ ಒಂದು ಮಗುವಿಗೆ ವಾಂತಿ ಅಂತ ಹೇಳುತ್ತಿದ್ದಾರೆ."

ಪಕ್ಕದ ಶೌಚಗುಂಡಿಯ ನೀರು ಜಿನುಗುತ್ತದೆಂದು ಆ ಬಾವಿಯ ಬಳಕೆ ನಿಲ್ಲಿಸಿ ಬಹಳ ಕಾಲವಾಗಿತ್ತು. ಮೋಟಾರು ಮಾತ್ರ ಅಲ್ಲೇ ಇತ್ತು. ಈಗ ಬರುತ್ತದೆ ಬೈಗುಳ, ಗಾಳ ಎಳೆಯುವ ಹೊತ್ತು ಬಂತು ಎಂದುಕೊಂಡೆ.

ಮೇಡಂ ಎದ್ದು ನಿಂತರು. "ಯಾವ ಮನೆಗಳಿಗೆ ಹೋಗಿದೆ?"

ಅಷ್ಟೇ. ಯಾಕೆ ಮಾಡಿದಿರಿ ಎಂದು ಕೇಳಲಿಲ್ಲ. ಹಮೀದಾಕ ಒಂದೊಂದೇ ಮನೆಯ ಹೆಸರು ಹೇಳಿದರು, ಒಂದನ್ನೂ ಬಿಡಲಿಲ್ಲ. ಮೇಡಂ ಆರೋಗ್ಯ ಕೇಂದ್ರಕ್ಕೆ ಫೋನು ಮಾಡುತ್ತಲೇ ನಮ್ಮನ್ನು ಓಡಿಸಿದರು. ನಾನು ರಿಕ್ಷಾದಲ್ಲಿ ಮೈಕ್ ಹಿಡಿದು ಕೂಗಿದೆ. ಶಂಕರಪುರದ ಪೇಟೆಗೆ ಹೋಗಬೇಕಾದ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸರು ಹೂವನ್ನು ಹಾಗೇ ಬಿಟ್ಟು ಕೊಡಪಾನಗಳನ್ನು ಅಂಗಳಕ್ಕೆ ಸುರಿದರು. ಟ್ಯಾಂಕು ಖಾಲಿ ಮಾಡಿ ತೊಳೆದೆವು. ಸಂಜೆಯವರೆಗೂ ನನ್ನ ಕೈಗೆ ಮೆತ್ತಿಕೊಂಡಿದ್ದು ಅದೇ ಬ್ಲೀಚಿಂಗ್ ಪೌಡರು. ಕೆಲವರು ವಾಂತಿಭೇದಿಯಿಂದ ಹಾಸಿಗೆ ಹಿಡಿದರು. ಕಲ್ಯಾಣಿ ಅಜ್ಜಿಯನ್ನು ಉಡುಪಿಯ ಆಸ್ಪತ್ರೆಗೇ ಸೇರಿಸಬೇಕಾಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ.

ಆದರೆ ಊರಿನ ಕೋಪ ಇಳಿಯಲಿಲ್ಲ, ಇಳಿಯಬೇಕಾದ ಕೋಪವೂ ಅದಾಗಿರಲಿಲ್ಲ. ಆ ವಾರದ ಪಂಚಾಯತ್ ಸಭೆಗೆ ಜನ ಬಾಗಿಲವರೆಗೆ ತುಂಬಿದ್ದರು. ಸದಸ್ಯರೊಬ್ಬರು ಮೇಜು ಬಡಿದು, "ಅವನನ್ನು ಇವತ್ತೇ ತೆಗೆಯಬೇಕು" ಎಂದರು. ಹಿಂದಿನಿಂದ ಯಾರೋ ಹಮೀದಾಕನ ಧರ್ಮವನ್ನೂ ಎತ್ತಿ ಏನೋ ಅಂದರು.

"ಆ ಮಾತು ಇಲ್ಲಿ ಬೇಡ" ಎಂದರು ಮೇಡಂ. ಧ್ವನಿ ಏರಿರಲಿಲ್ಲ, ಆದರೆ ಮೇಜು ಬಡಿದ ಕೈ ಮೇಜಿನ ಮೇಲೇ ನಿಂತಿತು. "ತಪ್ಪಾಗಿದೆ. ನೋಟಿಸು ಕೊಟ್ಟಿದ್ದೇನೆ, ವಿಚಾರಣೆ ಆಗುತ್ತದೆ. ಆ ಮೋಟಾರು ಇನ್ನೂ ಯಾಕೆ ಅಲ್ಲಿದೆ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ. ಅದನ್ನೂ ಮೇಲಿನವರಿಗೆ ಬರೆದಿದ್ದೇನೆ. ಆದರೆ ಇವರು ಬಂದು ಹೇಳದಿದ್ದರೆ ನೀವು ಇವತ್ತೂ ಅದೇ ನೀರು ಕುಡಿಯುತ್ತಿದ್ದಿರಿ. ಹೇಳಿದ್ದಕ್ಕೆ ಇವರ ಕೆಲಸ ಹೋದರೆ ನಾಳೆಯಿಂದ ಈ ಕಚೇರಿಯಲ್ಲಿ ನಿಮಗೆ ಯಾರೂ ಏನನ್ನೂ ಹೇಳುವುದಿಲ್ಲ."

ಆಗ ನನ್ನ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ವಸಂತಣ್ಣ ಎದ್ದು ನಿಂತಿದ್ದ. ಗಾಳದ ವಸಂತಣ್ಣ!

"ಆ ಮೋಟಾರು ತೆಗೆಸಬೇಕು ಅಂತ ಹಮೀದಾಕ ನನ್ನ ಹತ್ತಿರ ಹಿಂದೆಯೇ ಹೇಳಿದ್ದರು" ಎಂದ. "ಹಿಂದಿನ ಸಾಹೇಬರಿಗೆ ತಿಳಿಸಲು ನನಗೆ ಹೆದರಿಕೆಯಾಯಿತು. ಬೈಗುಳ ತಿನ್ನುವವರು ಯಾರು ಅಂತ ಸುಮ್ಮನಿದ್ದೆ. ಬರೆಯುವುದಾದರೆ ನನ್ನ ಹೆಸರನ್ನೂ ಬರೆಯಿರಿ ಮೇಡಂ."

ಅಷ್ಟು ಹೇಳಿ ಕುಳಿತ. ನನಗೆ ಅವನ ಕೈ ಹಿಡಿಯಬೇಕೆನ್ನಿಸಿತು. ಗುಮಾಸ್ತರು ಸಭೆಯಲ್ಲಿ ಕೈ ಹಿಡಿದುಕೊಳ್ಳುವುದಿಲ್ಲವಾದ್ದರಿಂದ ನೀರಿನ ಲೋಟ ಸರಿಸಿದೆ.

ಹಮೀದಾಕನ ಕೆಲಸ ಉಳಿಯಿತು. ಮೇಡಂಗೂ ಮೇಲಿನಿಂದ ನೋಟಿಸು ಬಂತು. ಮೋಟಾರು ಎತ್ತಿ ಬಾವಿಗೆ ಸಿಮೆಂಟಿನ ಮುಚ್ಚಳ ಹಾಕಿದರು. ಹಮೀದಾಕ ಮನೆಮನೆಗೆ ಹೋಗಿ ಕ್ಷಮೆ ಕೇಳುವಾಗ ನಾನೂ ಜೊತೆಗಿದ್ದೆ. ಕಲ್ಯಾಣಿ ಅಜ್ಜಿ ಜಗಲಿಯಿಂದಲೇ ಗದರಿದರು. "ನನಗೆ ಹೊಟ್ಟೆ ಇನ್ನೂ ಸರಿ ಇಲ್ಲ. ನಿನ್ನ ಮೇಲೆ ಸಿಟ್ಟು ಉಂಟು. ಆದರೆ ನೀರು ನೀನೇ ಬಿಡು. ಹೊಸಬ ಬಂದರೆ ಅವ ಹೇಳುತ್ತಾನೋ ಇಲ್ಲವೋ, ಯಾರಿಗೆ ಗೊತ್ತು?"

ಮುಂದಿನ ಸೋಮವಾರ ಮೇಡಂ ಎಂದಿನಂತೆ ಕೇಳಿದರು. ಮೂರು ಜನ ಒಟ್ಟಿಗೆ ಬಾಯಿ ತೆರೆದರು.

ಈಗ ನಾನೇ ಅಧಿಕಾರಿ. ಮೇಡಂ ಅವರ ಹಾಗೆಯೇ ಕಚೇರಿ ನಡೆಸುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಇವತ್ತು ಮಧ್ಯಾಹ್ನ, ಸೇರಿ ಇನ್ನೂ ಕೆಲವೇ ತಿಂಗಳಾದ ಗುಮಾಸ್ತೆ ಶ್ವೇತಾ ಎಲ್ಲರೆದುರೇ, "ಸರ್, ಪೈಪ್‌ಲೈನಿನ ಬಗ್ಗೆ ನೀವು ನಿನ್ನೆ ಗ್ರಾಮಸಭೆಯಲ್ಲಿ ಹೇಳಿದ್ದು ಸರಿಯಲ್ಲ. ಜನ ತಪ್ಪು ತಿಳಿದುಕೊಂಡಿದ್ದಾರೆ" ಎಂದಳು. ನನ್ನ ಮುಖ ಬಿಸಿಯಾಯಿತು. ಹಳೆಯ ಸಾಹೇಬರ ದನಿ ನನ್ನ ಗಂಟಲಿನವರೆಗೆ ಬಂದು ಕುಳಿತದ್ದು ನನಗೇ ಗೊತ್ತಾಯಿತು. ನುಂಗಿದೆ. ನುಂಗುವುದು ಇಷ್ಟು ಕಷ್ಟವೆಂದು ಮೇಡಂ ಒಮ್ಮೆಯೂ ಹೇಳಿರಲಿಲ್ಲ.

"ಬನ್ನಿ, ಕೂತು ವಿವರಿಸಿ" ಎಂದೆ.

ಅವಳು ಕುರ್ಚಿ ಎಳೆದುಕೊಂಡಳು. ಉಳಿದವರು ಕೆಲಸ ನಿಲ್ಲಿಸಿ ಅವಳನ್ನಲ್ಲ, ನನ್ನನ್ನು ನೋಡುತ್ತಿದ್ದರು. ನೋಡಲಿ ಎಂದುಕೊಂಡು ಕಿವಿಗೊಟ್ಟೆ.