ಇಂಡಿಕೇಟರ್ ಹಾಕಿದ್ದು ಯಾರಿಗೆ ಕಂಡಿತು?

"ಇಂಡಿಕೇಟರ್ ಹಾಕಂಗಿಲ್ಲೇನ್ರಿ ಸರ?"

ಪುಟ್ಟೇನಹಳ್ಳಿಯಲ್ಲಿ ನಮ್ಮ ಕ್ರಾಸ್‌ನ ತಿರುವಿನಲ್ಲಿ ನನ್ನ ಕಾರಿಗೆ ಹಿಂದಿನಿಂದ ತಾಗಿ ಸ್ಕೂಟರ್ ಸಮೇತ ಬಿದ್ದ ಹೆಣ್ಣುಮಗಳು ಎದ್ದು ಕೂತು ಕೇಳಿದ ಮೊದಲ ಮಾತು ಇದು. ಮೊಣಕೈ ತರಚಿತ್ತು. ಸ್ಕೂಟರಿನ ಮುಂಭಾಗದ ಪ್ಲಾಸ್ಟಿಕ್ ಸೀಳಿತ್ತು. ನನ್ನ ಹಳೆಯ ಕಾರು ಎಡಕ್ಕೆ ಅರ್ಧ ತಿರುಗಿ ರಸ್ತೆಗೆ ಅಡ್ಡ ನಿಂತಿತ್ತು. ನನ್ನ ಕಾಲು ಇನ್ನೂ ಬ್ರೇಕ್ ಮೇಲೆಯೇ ಇತ್ತು.

"ಹಾಕಿದ್ದೆ ಕಣಮ್ಮ. ಇನ್ನೂ ಬಡ್ಕೋತಾ ಇದೆ, ಕೇಳಿ," ಎಂದು ಕಿಟಕಿಯ ಗಾಜು ಪೂರ್ತಿ ಇಳಿಸಿದೆ. ಟಿಕ್ ಟಿಕ್ ಟಿಕ್ ಟಿಕ್. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಾಣ ಮಿನುಗುತ್ತಿತ್ತು.

ಆಕೆ ತಾಳ್ಮೆಯಿಂದ ಕೇಳಿಸಿಕೊಂಡರು. "ಕೇಳ್ತದ್ರಿ. ಆದ್ರ ನಾ ಒಳಗ ಕುಂತಿದ್ದಿಲ್ಲಲ್ರಿ, ಹಿಂದ ಇದ್ದೆ," ಎಂದರು.

ಹೆಸರು ಮಹಾದೇವಿ. ಬಾಗಲಕೋಟೆ ಕಡೆಯವರು. ಬಿಟಿಎಂನಲ್ಲಿ ಬಾಡಿಗೆ ಮನೆ, ಒಂದು ಲ್ಯಾಬ್‌ನಲ್ಲಿ ಕೆಲಸ. ಬೆಳಿಗ್ಗೆ ಮನೆಮನೆಗೆ ಹೋಗಿ ಬ್ಲಡ್ ಸ್ಯಾಂಪಲ್ ತರುತ್ತಾರೆ. (ಸ್ಯಾಂಪಲ್‌ಗಳ ಡಬ್ಬಿಗೆ ಏನೂ ಆಗಿರಲಿಲ್ಲ. ತಮ್ಮ ಮೊಣಕೈಗೂ ಮೊದಲು ಅವರು ನೋಡಿದ್ದು ಅದನ್ನೇ.) ಸ್ಕೂಟರ್ ಲ್ಯಾಬ್‌ನದು.

"ತಪ್ಪು ನಂದು ಅಂತಾದ್ರ ಗಾಡಿ ಕಸ್ಕೊಂಡು ರೌಂಡ್ಸಿಂದ ತಗೀತಾರ್ರಿ. ಗಾಡಿ ಇಲ್ಲಂದ್ರ ಅಲ್ಲಿ ನನಗ ಕೆಲಸಾನೂ ಇಲ್ಲ. ನಿಮ್ಮ ಇಂಡಿಕೇಟರ್ ಹತ್ತಿದ್ದಿಲ್ಲ ಅಂತ ನಮ್ಮ ಸೂಪರ್‌ವೈಸರಿಗೆ ಒಂದು ಮೆಸೇಜ್ ಹಾಕ್ರಿ ಸರ."

ಹಾಕಬಹುದಿತ್ತು. ಆದರೆ ಇಂಡಿಕೇಟರ್ ಹಾಕಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಪತ್ರಿಕೆಯಲ್ಲಿ ಇಷ್ಟು ವರ್ಷ ಕೂತು ಕಲಿತಿದ್ದು ಒಂದೇ: ಗೊತ್ತಿಲ್ಲದ್ದನ್ನು ಬರೆಯಬಾರದು. "ಚೆಕ್ ಮಾಡಿಸ್ತೀನಿ. ಏನು ಗೊತ್ತಾಗುತ್ತೋ ಅದನ್ನೇ ಬರೀತೀನಿ," ಎಂದೆ. ಅವರ ಮುಖ ನೋಡಿದರೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಮನೆಗೆ ಬಂದ ತಕ್ಷಣ ಹೆಂಡತಿ ಭಾರತಿಯನ್ನು ಕಾರಿನ ಹಿಂದೆ ನಿಲ್ಲಿಸಿದೆ. ಎಡಕ್ಕೆ ಹಾಕಿದೆ.

"ಬರ್ತಿದೆ."

ಬಲಕ್ಕೆ ಹಾಕಿದೆ.

"ಅದೂ ಬರ್ತಿದೆ. ಅಲ್ಲಾ, ನೀವು ಆಗ ಹಾಕಿದ್ರಾ, ಇಲ್ಲಾ ಹಾಕಿದೆ ಅಂದ್ಕೊಂಡ್ರಾ?"

ನೆನಪನ್ನು ಗ್ಯಾರೇಜಿಗೆ ಒಯ್ಯಲಾಗುವುದಿಲ್ಲ. ಕಾರನ್ನು ಒಯ್ದೆ.

ಪದ್ಮನಾಭನಗರದ ನಮ್ಮ ಮೆಕ್ಯಾನಿಕ್ ಬಷೀರ್ ಕಾರಿನ ಹಿಂದೆ ನಿಂತು, "ಹಾಕಿ ಸಾರ್," ಎಂದ. ಹಾಕಿದೆ. "ಸಖತ್ತಾಗಿ ಬರ್ತಾ ಇದೆ ಸಾರ್," ಎಂದ. ಆದರೂ ಎಡಗಡೆಯ ಬಲ್ಬ್ ಬದಲಿಸಿದ. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕಿದ. ಸುಸ್ಥಿತಿಯಲ್ಲಿದ್ದ ವಸ್ತುವನ್ನು ರಿಪೇರಿ ಮಾಡಿಸಿಕೊಂಡು ವಾಪಸ್ ಹೊರಟೆ.

ದಾರಿಯಲ್ಲಿ ಸಿಗ್ನಲ್ ಹತ್ತಿರ ಎಡಕ್ಕೆ ಹಾಕಿ ಬ್ರೇಕ್ ಒತ್ತಿದೆ. ಟಿಕ್ ಟಿಕ್ ಸದ್ದು ಒಮ್ಮೆಲೇ ಅವಸರಕ್ಕೆ ಬಿತ್ತು. ಮುಂದೆ ಹೊರಟಾಗ ನಿಧಾನವಾಯಿತು. ಮೊದಲೂ ಹೀಗೆ ಆಗುತ್ತಿತ್ತು. ಹಳೆಯ ಕಾರು, ಅದಕ್ಕೂ ಏನೇನೋ ಅಭ್ಯಾಸ ಇರುತ್ತದೆ ಎಂದು ಸುಮ್ಮನಾದೆ.

ಪಕ್ಕದ ಮನೆಯ ನಾಗರಾಜ್ ಗೇಟಿನಲ್ಲೇ ಸಿಕ್ಕರು. ನಮ್ಮ ರಸ್ತೆಯಲ್ಲಿ ಕರೆಂಟಿಗೆ ಸಂಬಂಧಿಸಿದ ಯಾವ ಮಾತಿಗೂ ಅವರದೇ ಕೊನೆಯ ತೀರ್ಪು. "ರಿಲೇ ಸಾರ್, ರಿಲೇ. ಅದು ಹೋದ್ರೆ ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ. ಕಣ್ಮುಚ್ಕೊಂಡು ಬದಲಾಯಿಸಿಬಿಡಿ," ಎಂದರು.

ನನಗೆ ಈಗ ಪೂರ್ತಿ ಗೊಂದಲ. ನೋಡಿದವರೆಲ್ಲ ದೀಪ ಬರುತ್ತಿದೆ ಎನ್ನುತ್ತಾರೆ. ಒಬ್ಬರಿಗೆ ಮಾತ್ರ ಕಂಡಿಲ್ಲ, ಅವರು ರಸ್ತೆಗೆ ಬಿದ್ದಿದ್ದಾರೆ. ಕಂಡವರ ತಲೆ ಎಣಿಸಿ ವರದಿ ಬರೆಯುವುದೆ?

ಬರೆಯಲು ಕೂತೆ ಕೂಡ. "ಪರೀಕ್ಷಿಸಿದಾಗ ಇಂಡಿಕೇಟರ್ ಸರಿಯಾಗಿತ್ತು" ಎಂಬ ಒಂದು ಸಾಲು. ಒಂದಕ್ಷರ ಸುಳ್ಳಿಲ್ಲ. ಕಳಿಸಿದರೆ ಒಬ್ಬರ ಕೆಲಸ ಹೋಗುತ್ತದೆ. ಅದನ್ನು ಕಳಿಸುವ ಮೊದಲು ಅವರಿಗೆ ತಿಳಿಸುವುದು ಮರ್ಯಾದೆ ಅನಿಸಿ ಫೋನ್ ಮಾಡಿದೆ.

"ನಿಲ್ಲಿಸಿ ನೋಡೀರೇನ್ರಿ?" ಮಹಾದೇವಿ ಕೇಳಿದರು.

"ಹೌದು, ಇಬ್ಬರು ಹಿಂದೆ ನಿಂತು ನೋಡಿದ್ರು."

"ನಾ ನಿಂತ ಗಾಡಿ ಹಿಂದ ಬಂದು ಬಿದ್ದಿಲ್ರಿ ಸರ. ಅವತ್ತ ಹೆಂಗ ತಿರುಗಿಸಿದ್ರೋ ಹಂಗ ತಿರುಗಿಸಿ ತೋರಿಸ್ರಿ. ಹಿಂದ ನಾ ಬರ್ತೀನಿ."

ಭಾನುವಾರ ಬೆಳಿಗ್ಗೆ ಬಂದರು. ಮೊಣಕೈಗೂ ಸ್ಕೂಟರಿಗೂ ಒಂದೇ ಬಿಳಿ ಟೇಪ್ ಅಂಟಿಸಿದ್ದರು. ಬಷೀರ್‌ನನ್ನೂ ಕರೆಸಿದ್ದೆ. ನಾಗರಾಜ್ ಕರೆಯದೆಯೇ ಬಂದಿದ್ದರು. ಖಾಲಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ತಿರುಗಿ ಬಂದೆ. ಹಿಂದೆ ಮಹಾದೇವಿ, ಈ ಸಲ ಬಹಳ ದೂರದಲ್ಲಿ. ಕ್ರಾಸ್ ಬಂತು. ಎಡಕ್ಕೆ ಹಾಕಿದೆ. ಬ್ರೇಕ್ ಒತ್ತಿದೆ. ಮತ್ತೆ ಅದೇ ಅವಸರದ ಟಿಕ್ ಟಿಕ್.

"ಹೋತ್ರಿ!" ಎಂದು ಹಿಂದಿನಿಂದ ಕೂಗು ಬಂತು. "ಈಗ ಹೋತು, ನೋಡ್ರಿ."

ಕನ್ನಡಿಯಲ್ಲಿ ನನಗೇನೂ ಕಾಣಲಿಲ್ಲ. ಬಷೀರ್ ಓಡಿ ಬಂದ. "ಸಾರ್, ಬ್ರೇಕ್ ಬಿಡಿ. ಹಾಂ, ಬಂತು. ಒತ್ತಿ. ಹೋಯ್ತು. ಬಿಡಿ... ಒತ್ತಿ..." ಬ್ರೇಕ್ ಒತ್ತಿದ ಕೂಡಲೇ ಹಿಂಭಾಗದ ಎಡಮೂಲೆ ಪೂರ್ತಿ ಕತ್ತಲಾಗುತ್ತಿತ್ತು. ಇಂಡಿಕೇಟರೂ ಇಲ್ಲ, ಬ್ರೇಕ್ ಲೈಟೂ ಇಲ್ಲ.

ಬ್ರೇಕ್ ಒತ್ತದೆ ಯಾರಾದರೂ ತಿರುಗುತ್ತಾರೆಯೆ? ಪರೀಕ್ಷೆ ಮಾಡುವಾಗ ಮಾತ್ರ ನಮ್ಮಲ್ಲಿ ಒಬ್ಬರಿಗೂ ಒತ್ತಬೇಕೆಂದು ಹೊಳೆದಿರಲಿಲ್ಲ.

ಬಷೀರ್ ಡಿಕ್ಕಿ ತೆರೆದು ಒಳಗಿನ ಹೊದಿಕೆ ಸರಿಸಿದ. ದೀಪಕ್ಕೆ ಬಂದ ಕರೆಂಟ್ ವಾಪಸ್ ಹೋಗುವುದು ಕಾರಿನ ಬಾಡಿಗೆ ಸ್ಕ್ರೂ ಮಾಡಿದ ಒಂದು ವೈರಿನ ಮೂಲಕ. ಅರ್ಥಿಂಗ್ ಎನ್ನುತ್ತಾರಲ್ಲ, ಅದು. ಆ ಸ್ಕ್ರೂ ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಒಂದು ಬಲ್ಬಿನ ಭಾರವನ್ನು ಹೇಗೋ ತಡೆಯುತ್ತಿತ್ತು. ಬ್ರೇಕ್ ಲೈಟೂ ಸೇರಿದರೆ ಕೈಚೆಲ್ಲುತ್ತಿತ್ತು.

"ಯಾರ್ ಸಾರ್ ಇಲ್ಲಿ ಇದನ್ನ ಕಟ್ಟಿದ್ದು?" ಬಷೀರ್ ಎತ್ತಿ ತೋರಿಸಿದ. ಸ್ಕ್ರೂಗೆ ಸುತ್ತಿದ್ದ ಕೆಂಪು ಹಳದಿ ವೈರಿನ ಒಂದು ತುಂಡು.

ನಮ್ಮ ರಸ್ತೆಯ ರಾಜ್ಯೋತ್ಸವದ ಕತೆಯನ್ನು ಅಲ್ಲೇ ಹೇಳಿದೆ. ಕಾರಿನ ಮೇಲೆ ಭುವನೇಶ್ವರಿಯ ಫೋಟೊ, ಸುತ್ತ ಕೆಂಪು ಹಳದಿ ಸೀರಿಯಲ್ ಲೈಟು, ಹಿಂದೆ ಡೊಳ್ಳು. ಹಳೆಯ ಕಾರಾದ್ದರಿಂದ ಗೀರು ಬಿದ್ದರೂ ಪರವಾಗಿಲ್ಲ ಎಂದು ಎಲ್ಲರೂ ಸೇರಿ ನನ್ನದನ್ನೇ ಆರಿಸಿದ್ದರು. (ನಾನು ಅದನ್ನು ಗೌರವವೆಂದೇ ಭಾವಿಸಿದ್ದೆ.) "ಬೇರೆ ಬ್ಯಾಟರಿ ಯಾಕೆ ಸಾರ್, ಹಿಂದಿನ ಲೈಟಿಂದಾನೇ ಕರೆಂಟ್ ತಗೊಳ್ಳೋಣ," ಎಂದು ಡಿಕ್ಕಿಯೊಳಗೆ ತಲೆ ಹಾಕಿದ್ದವರು ಯಾರು?

ಎಲ್ಲರೂ ನಾಗರಾಜ್ ಕಡೆ ನೋಡಿದೆವು. ಅವರು ವೈರಿನ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಲೈಟ್ ಮಾತ್ರ ಅವತ್ತು ಸೂಪರಾಗಿತ್ತು," ಎಂದರು.

"ಇವ್ರು ಹಬ್ಬಾ ಮಾಡ್ಯಾರ, ನಾ ಬಿದ್ದೀನಿ," ಎಂದರು ಮಹಾದೇವಿ. ನಾಗರಾಜ್ ಅವರೇ ಮೊದಲು ನಕ್ಕರು.

ಬಷೀರ್ ಸ್ಕ್ರೂ ಉಜ್ಜಿ ಬಿಗಿ ಮಾಡಿದ. ಎಲ್ಲವೂ ಸರಿಹೋಯಿತು. ನಾನು ಅಲ್ಲೇ ನಿಂತು ಮೆಸೇಜ್ ಬರೆದೆ. ಚಾಲಕ ಇಂಡಿಕೇಟರ್ ಹಾಕಿದ್ದು ನಿಜ. ಕಾರಿನ ಹಿಂಭಾಗದಲ್ಲಿ ಅದು ಹತ್ತದೇ ಇದ್ದದ್ದೂ ನಿಜ. ಎರಡನ್ನೂ ಬರೆದು ಕಳಿಸಿದೆ.

ತಕ್ಷಣ ಸೂಪರ್‌ವೈಸರ್ ಫೋನ್ ಮಾಡಿದರು. "ಸಾರ್, ಓದಿದೆ. ಆದ್ರೆ ತಪ್ಪು ಯಾರ್ದು ಅಂತ ಬರ್ಕೊಳ್ಳಲಿ? ಫಾರ್ಮಲ್ಲಿ ಒಂದೇ ಹೆಸರಿಗೆ ಜಾಗ ಇರೋದು."

ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದರು. ಇಂಡಿಕೇಟರ್ ಹಾಕಿದ್ದು ನಾನು. ಸ್ಕ್ರೂ ಸಡಿಲ ಬಿಟ್ಟಿದ್ದು ನಾಗರಾಜ್. ದೂರದಲ್ಲಿ ಬರಬಹುದಿತ್ತು ಮಹಾದೇವಿ. ಬೆಂಗಳೂರಲ್ಲಿ ಯಾರು ದೂರದಲ್ಲಿ ಬರುತ್ತಾರೆ?

"ಕಾರಿನವರದು ಅಂತ ಬರ್ಕೊಳ್ಳಿ," ಎಂದೆ.

ಮಹಾದೇವಿ ಸೋಮವಾರ ಎಂದಿನಂತೆ ರೌಂಡ್ಸಿಗೆ ಹೋದರು. ಭಾನುವಾರ ನಮ್ಮ ಮನೆಯಿಂದ ಹೊರಡುವ ಮುನ್ನ ಬಷೀರ್ ಸಹಜವಾಗಿ ಒಂದು ಮಾತು ಹೇಳಿದ್ದ. ಇಂಡಿಕೇಟರಿನ ಸದ್ದು ಅವಸರದಲ್ಲಿ ಬಂದರೆ ಎಲ್ಲೋ ಒಂದು ಬಲ್ಬ್ ಉರಿಯುತ್ತಿಲ್ಲ ಎಂದರ್ಥವಂತೆ. ಕಾರು ಚಾಲಕನಿಗೆ ಕೊಡುವ ಎಚ್ಚರಿಕೆ ಅದು.

ಹಾಗಾದರೆ ಅವತ್ತು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕಿಟಕಿ ಇಳಿಸಿ ಮಹಾದೇವಿಯವರಿಗೆ ಅಷ್ಟು ಧೈರ್ಯವಾಗಿ ನಾನು ಕೇಳಿಸಿದ್ದು, ನನ್ನ ವಿರುದ್ಧದ ಸಾಕ್ಷಿಯನ್ನೇ ಅಲ್ಲವೆ?