ಒಂದು ಪದ, ಮೂರು ಚಪ್ಪಾಳೆ

ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿ, ನಮ್ಮ ಫ್ಲ್ಯಾಟಿನ ಕೆಳಗೆ ಟ್ರಾಮು ತಿರುಗುವಾಗ ಎಳೆದೆಳೆದು ಸದ್ದು ಬರುತ್ತದೆ. ಮಧ್ಯಾಹ್ನದ ಜೊಂಪಿನಲ್ಲಿ ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹೇಳಲಾರೆ. ಸರಿಯಾಗಿ ಆ ಹೊತ್ತಿಗೇ ಪಕ್ಕದ ಮನೆಯ ಕೊರಿಯಾದವಳು ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಿದ್ದಳು. ತನ್ನ ಭಾಷೆಯಲ್ಲಿ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಆ ಶುಕ್ರವಾರ ಅವಳು ತನ್ನ ಮಗಳ ಕ್ಲಾಸಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಥೆ ಓದಬೇಕಿತ್ತು. "ನೀನು ಬರಬೇಡಮ್ಮ, ನಿನ್ನ ಇಂಗ್ಲಿಷ್ ಕೇಳಿ ಎಲ್ರೂ ನಗ್ತಾರೆ" ಅಂದುಬಿಟ್ಟಿತ್ತಂತೆ ಮಗು. ಹೇಳುತ್ತಾ ಅವಳ ಕಣ್ಣು ತುಂಬಿತು. ನನಗೋ ಮೈಯೆಲ್ಲ ಉರಿದುಹೋಯಿತು. ನಗುವವರ ಬಾಯಿ ಮುಚ್ಚಿಸಿಯೇ ಸಿದ್ಧ ಎಂದು ಕೂತೆ.

ಆ ಕಥೆಯಲ್ಲಿದ್ದ ಪದ, "ಸ್ಪ್ರಿಂಗ್" ಎಂದು ತೊಡೆಯ ಮೇಲೆ ಒಂದೇ ಏಟು ಹಾಕಿದೆ, ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರು ತಾಳ ಹಾಕಿಸಿದ ಹಾಗೆ. ಅವಳು ಕಣ್ಣು ಮುಚ್ಚಿ ಕೇಳಿ, ಮೂರು ಏಟು ಹಾಕಿದಳು. ಸು, ಪು, ರಿಂಗ್.

"ಅಯ್ಯೋ ರಾಮ! ಒಂದೇ ಕಣೆ!"

"ಇಲ್ಲ ಅಕ್ಕ, ನೀವೇ ಮೂರು ಹೇಳ್ತಿದೀರ. ಕೇಳಿಸ್ತಿದೆಯಲ್ಲ ನಂಗೆ."

ಹಟವಲ್ಲ ಅದು. ಅವರ ಮಾತಿನಲ್ಲಿ ವ್ಯಂಜನಗಳು ಹೀಗೆ ಒತ್ತೊತ್ತಾಗಿ ಕೂರುವುದಿಲ್ಲವಂತೆ. ನಾನು ಹೇಳದ ಸ್ವರ ಅವಳ ಕಿವಿಗೆ ನಿಜವಾಗಿಯೂ ಕೇಳುತ್ತಿತ್ತು.

ಸಂಜೆ ಆಸ್ಪತ್ರೆಯಿಂದ ಬಂದ ನಮ್ಮ ಯಜಮಾನರ ಹತ್ತಿರ ಗೊಣಗಿದೆ. "ನೀನೇನು ಕಮ್ಮೀನಾ? ಇಷ್ಟು ವರ್ಷ ಆದ್ಮೇಲೂ ಬಸ್ಸು, ಲಿಫ್ಟು ಅಂತೀಯ" ಎಂದು ನಕ್ಕರು.

"ಬಸ್ಸನ್ನ ಬಸ್ಸು ಅನ್ನದೆ ಇನ್ನೇನಂತಾರ್ರೀ?"

ಅಡುಗೆಮನೆಯಲ್ಲಿ ಒಬ್ಬಳೇ ಎಷ್ಟು ಸಲ ಹೇಳಿಕೊಂಡರೂ ಆ ಕೊನೆಯ ಉಕಾರ ನನಗೆ ಕೇಳಿಸಲೇ ಇಲ್ಲ. ಮರುದಿನದಿಂದ ತಾಳ ನಿಲ್ಲಿಸಿದೆ. ಅವಳು ಓದುತ್ತಿದ್ದಳು, ನಾನು ಕಾಫಿ ಕೊಟ್ಟು ಸುಮ್ಮನೆ ಕೇಳುತ್ತಿದ್ದೆ.

ಶುಕ್ರವಾರ ನನ್ನನ್ನೂ ಎಳೆದುಕೊಂಡು ಹೋದಳು. ಕ್ಲಾಸಿನ ತುಂಬ ತೆಳು ಬಿಸಿಲು, ನೆಲದ ಮೇಲೆ ಕಾಲು ಮಡಚಿ ಕೂತ ಮಕ್ಕಳು. ಹೊಸ ಪದ ಬಂದಾಗೆಲ್ಲ ಚಪ್ಪಾಳೆ ತಟ್ಟಿ ಅದನ್ನು ಬಿಡಿಸುವುದು ಅಲ್ಲಿನ ಪದ್ಧತಿ. "ಎಷ್ಟು ಕೇಳಿಸ್ತೋ ಅಷ್ಟು ತಟ್ಟಿ" ಎಂದರು ಟೀಚರ್.

ಅವಳು ಓದಿದಳು. "ಸುಪುರಿಂಗ್."

ಮಕ್ಕಳೆಲ್ಲ ಒಂದು ತಟ್ಟಿದರು. ಹಿಂದಿನಿಂದ ಯಾವುದೋ ಮಗು ಕಿಸಕ್ಕೆಂದಿತು. ಅವಳು ಪುಟದಿಂದ ತಲೆಯೆತ್ತಿದಳು. ಮುಂದಿನ ಸಾಲಿನಲ್ಲಿದ್ದ ಮಗಳ ಕಿವಿ ಕೆಂಪಾಗಿತ್ತು.

ಆಮೇಲೆ ಅವಳ ಮಗು ತಟ್ಟಿತು. ಒಂದು, ಎರಡು, ಮೂರು. ನಿಧಾನವಾಗಿ, ಒಂಟಿಯಾಗಿ. ಹಿಂದಕ್ಕೆ ತಿರುಗಿ, "ನಮ್ಮಮ್ಮ ಹೇಳಿದ್ದು ಮೂರು" ಎಂದಿತು.

ಅವಳು ಮಗಳನ್ನೇ ನೋಡುತ್ತಾ ಮತ್ತೆ ಓದಿದಳು. ಈ ಸಲ ನಾನೂ ಮೂರು ತಟ್ಟಿದೆ.